ಮುಗಿಲ ಚಿತ್ರಗಳು: ಅಂತರ ಕುಗ್ಗಲಿ, ಕ್ರಮ ಕೆಡದಿರಲಿ

ಕುಣಿಗಲ್ಲಿನ ದೊಡ್ಡ ಕೆರೆ, ಗುಬ್ಬಿಯ ಕೆರೆ, ತುಮಕೂರಿನ ಬಳಿಯ ದೇವರಾಯನದುರ್ಗ – ಇಂಥ ತಾಣಗಳ ಸೂರ್ಯಾಸ್ತದ ಚಿತ್ರಗಳನ್ನು ನೀವು ಕ್ಯಾಲೆಂಡರುಗಳಲ್ಲಿ, ಮೊಬೈಲ್ ಪರದೆಗಳಲ್ಲಿ ನೋಡಿರುತ್ತೀರಿ. ಇವುಗಳಲ್ಲಿ ಹಲವಕ್ಕೆ ಒಂದೇ ಚಹರೆ. ಮೋಡಗಳು ಸೀಸದಲ್ಲಿ ಎರಕ ಹೊಯ್ದಂತಿರುತ್ತವೆ. ನೀರು ಆಕಾಶಕ್ಕಿಂತ ಹೆಚ್ಚು ಹೊಳೆಯುತ್ತದೆ. ಬಂಡೆಯ ಸುತ್ತ ಬೆಳ್ಳನೆಯ ಅಂಚು. ನೋಡಿದೊಡನೆ ಬೆರಗಾಗುತ್ತದೆ, ನಿಜ. ಆದರೆ ಅಂಥ ಚಿತ್ರವನ್ನು ತರಗತಿಯಲ್ಲಿ ತೋರಿಸಿ ‘ಮೋಡ ಹೀಗಿರುತ್ತದೆ’ ಎನ್ನಬಹುದೆ?

ಮೊದಲು ಕ್ಯಾಮೆರಾದ ಕಷ್ಟವನ್ನು ತಿಳಿಯೋಣ. ಸಂಜೆ ಬೆಳಗುವ ಮೋಡಕ್ಕೂ ನೆರಳಿನ ಬಂಡೆಗೂ ಪ್ರಖರತೆಯಲ್ಲಿ ಸಾವಿರಾರು ಪಟ್ಟು ವ್ಯತ್ಯಾಸವಿರಬಹುದು. ಬೆಳಕು ಇಮ್ಮಡಿಯಾಗುವ ಪ್ರತಿ ಹಂತಕ್ಕೆ ಛಾಯಾಗ್ರಾಹಕರು ‘ಸ್ಟಾಪ್’ ಎನ್ನುತ್ತಾರೆ. ಇಂದಿನ ಉತ್ತಮ ಸಂವೇದಕ 12ರಿಂದ 14 ಸ್ಟಾಪ್‌ಗಳಷ್ಟು ವ್ಯಾಪ್ತಿಯನ್ನು ದಾಖಲಿಸಬಲ್ಲದು. 14 ಸ್ಟಾಪ್ ಎಂದರೆ 16,384 ಪಟ್ಟು. ಮುದ್ರಿತ ಕಾಗದದ ಬಿಳುಪಿಗೂ ಕಪ್ಪಿಗೂ ಇರುವ ಅಂತರವಾದರೋ ನೂರು ಪಟ್ಟಿನ ಆಸುಪಾಸು. ಹೀಗಾಗಿ ಮುಗಿಲು ಸರಿಬಂದರೆ ಬೆಟ್ಟ ಕಪ್ಪಾಗುತ್ತದೆ, ಬೆಟ್ಟ ಸರಿಬಂದರೆ ಮುಗಿಲು ಬಿಳಿಚುತ್ತದೆ. ‘ತಿದ್ದದ ಚಿತ್ರವೇ ಸತ್ಯ’ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ತೊಡಕು ಹೊಸದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್, ಬೇರೆ ಬೇರೆ ಅವಧಿಯ ಬೆಳಕೊಡ್ಡಿಕೆಗಳಿಂದ ದೃಶ್ಯದ ಪ್ರಖರತೆಯನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. ಹೈ ಡೈನಮಿಕ್ ರೇಂಜ್, ಅಂದರೆ ಎಚ್‌ಡಿಆರ್ ವಿಧಾನಕ್ಕೆ ಇದು ಭದ್ರ ತಳಹದಿಯಾಯಿತು. ಹೀಗೆ ಪಡೆದ ವಿಶಾಲ ವ್ಯಾಪ್ತಿಯನ್ನು ಪರದೆಗೋ ಕಾಗದಕ್ಕೋ ಹೊಂದುವಂತೆ ಕುಗ್ಗಿಸುವ ಕೆಲಸವೇ ‘ಟೋನ್ ಮ್ಯಾಪಿಂಗ್’. ಅಂದಗೆಡುವುದು ಸಾಮಾನ್ಯವಾಗಿ ಈ ಹಂತದಲ್ಲೇ.

ಉದ್ದದ ಏಣಿಯೊಂದನ್ನು ಗಿಡ್ಡ ಮಾಡಬೇಕಿದೆ ಎನ್ನಿ. ಮೆಟ್ಟಿಲುಗಳ ನಡುವಿನ ಅಂತರ ಕಡಿಮೆ ಮಾಡಬಹುದು. ಮೇಲಿನ ಮೆಟ್ಟಿಲನ್ನು ಕೆಳಕ್ಕಿಳಿಸುವಂತಿಲ್ಲ. ನಮ್ಮ ಕಣ್ಣೂ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಅಲ್ಪಸ್ವಲ್ಪ ಸಡಿಲಿಕೆ ಸಲ್ಲುತ್ತದೆ. ಆದರೆ ಕ್ರಮವೇ ತಲೆಕೆಳಗಾದರೆ ಚಿತ್ರ ಸುಳ್ಳಾಗುತ್ತದೆ. ಅದನ್ನು ಪತ್ತೆಹಚ್ಚಲು ಕೆಲವು ಪರೀಕ್ಷೆಗಳಿವೆ.

ಮೊದಲನೆಯದು ನೀರು. ನೇರ ಕೆಳಕ್ಕೆ ನೋಡಿದಾಗ ನೀರು ಸುಮಾರು ಶೇಕಡ 2ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ನೋಟ ಓರೆಯಾದಂತೆ ಪ್ರಮಾಣ ಏರುತ್ತದೆ, ಆದರೆ ನೂರನ್ನು ಮೀರದು. ಆದ್ದರಿಂದ ಕೆರೆಯೊಳಗಿನ ಬಿಂಬ, ತಾನು ಬಿಂಬಿಸುವ ಆಕಾಶದ ಭಾಗಕ್ಕಿಂತ ಪ್ರಖರವಾಗಿರಲು ಸಾಧ್ಯವಿಲ್ಲ.

ಎರಡನೆಯದು ಅಂಚು. ಸೂರ್ಯನನ್ನು ಮರೆಮಾಡಿದ ಮೋಡಕ್ಕೆ ಬೆಳ್ಳಿಯಂಚು ಸಹಜ; ಅಲ್ಲಿನ ತೆಳು ಭಾಗದ ಹನಿಗಳು ಬೆಳಕನ್ನು ಮುಂದಕ್ಕೆ ಚದರಿಸುತ್ತವೆ. ಸೂರ್ಯನಿಗೆ ದೂರದ ಬಂಡೆಗೂ ಮರಕ್ಕೂ ಅದೇ ಪ್ರಭೆ ಸುತ್ತಿಕೊಂಡಿದ್ದರೆ ಅದು ತಂತ್ರಾಂಶದ ಕೊಡುಗೆ.

ಮೂರನೆಯದು ದೂರ. ಗಾಳಿ ಬೆಳಕನ್ನು ಚದರಿಸುವುದರಿಂದ ದೂರದ ಬೆಟ್ಟಸಾಲು ಮಸುಕಾಗಿ, ನೀಲಿಗೂಡಿ ಕಾಣುತ್ತದೆ. ಹತ್ತಿರದ ಹುಣಸೆಮರದಷ್ಟೇ ದೂರದ ಬೆಟ್ಟವೂ ಚೂಪಾಗಿದ್ದರೆ ವಾತಾವರಣವನ್ನೇ ಅಳಿಸಿದ್ದಾರೆಂದು ತಿಳಿಯಿರಿ.

ಕಾಮನಬಿಲ್ಲಿದ್ದರೆ ಇನ್ನೊಂದು ಪರೀಕ್ಷೆಯುಂಟು. ಮುಖ್ಯ ಬಿಲ್ಲಿನ ಒಳಭಾಗದ ಆಕಾಶ ಹೊರಭಾಗಕ್ಕಿಂತ ಬೆಳ್ಳಗಿರಬೇಕು.

ಹಾಗಾದರೆ ಸಹಜವಾಗಿ ಕಾಣುವಂತೆ ಸಂಸ್ಕರಿಸುವುದು ಹೇಗೆ? ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ದ್ಯುತಿರಂಧ್ರ ಬದಲಿಸದೆ, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆಯಿರಿ. ಗಾಳಿಯಿದ್ದ ದಿನ ಬೇಗ ಬೇಗ ತೆಗೆಯಿರಿ. ಮೋಡ ಸರಿದರೆ ಜೋಡಿಸಿದ ಚಿತ್ರದಲ್ಲಿ ಇಬ್ಬಗೆಯ ಅಂಚು ಮೂಡುತ್ತದೆ. ವ್ಯತ್ಯಾಸ ತೀರಾ ಹೆಚ್ಚಿಲ್ಲದಿದ್ದರೆ ಒಂದೇ ಕಚ್ಚಾ ಕಡತವೂ ಸಾಕು. ಮುಗಿಲನ್ನು ತುಸು ತಗ್ಗಿಸಿ, ನೆರಳನ್ನು ತುಸು ಎತ್ತಿ. ನೆರಳು ನೆರಳಾಗಿಯೇ ಉಳಿಯಲಿ. ಬಣ್ಣದ ಗಾಢತೆಗೆ ಕೊನೆಯಲ್ಲಿ ಮಾತ್ರ ಕೈಹಾಕಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಅತಿಯಾದದ್ದು ಆಗ ತಾನಾಗಿ ಕಾಣುತ್ತದೆ.

ಈಗ ಈ ಎಚ್ಚರ ಇನ್ನೂ ಅಗತ್ಯ. ಹಲವು ಚಿತ್ರಗಳನ್ನು ಬೆಸೆಯುವ ಕೆಲಸವನ್ನು ಮೊಬೈಲುಗಳು ನಮ್ಮನ್ನು ಕೇಳದೆಯೇ ಮಾಡುತ್ತವೆ. 2020ರಲ್ಲಿ ಫೋಟೋಶಾಪ್‌ಗೆ ಆಕಾಶವನ್ನೇ ಬದಲಿಸುವ ಸೌಲಭ್ಯ ಬಂತು. ಗುಬ್ಬಿಯ ಕೆರೆಯ ಮೇಲೆ ಬೇರೆಲ್ಲಿಯದೋ ಮೋಡವನ್ನು ಕೂರಿಸಲು ಕ್ಷಣ ಸಾಕು. ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಅದು ಅಭಿರುಚಿಯ ಪ್ರಶ್ನೆ. ವಿಜ್ಞಾನ ಪ್ರದರ್ಶನದ ಫಲಕದಲ್ಲಾದರೆ ಅದು ವೀಕ್ಷಣೆಯ ಪ್ರಾಮಾಣಿಕತೆಯ ಪ್ರಶ್ನೆ. ತಿದ್ದಿದ ಮುಗಿಲನ್ನೇ ನೋಡಿ ಬೆಳೆದ ವಿದ್ಯಾರ್ಥಿಗೆ ನಿಜವಾದ ಮಳೆಮೋಡ ಸಪ್ಪೆಯಾಗಿ ಕಂಡರೆ, ಅವನು ತಲೆಯೆತ್ತಿ ನೋಡುವುದನ್ನೇ ಬಿಟ್ಟಾನು. ನಷ್ಟ ದೊಡ್ಡದು.

ಅಧ್ಯಾಪಕರಲ್ಲಿ ಒಂದು ಸಲಹೆ: ವಿದ್ಯಾರ್ಥಿಗಳು ತರುವ ಪ್ರತಿ ಆಕಾಶಚಿತ್ರದ ಕೆಳಗೆ ಸ್ಥಳ, ದಿನಾಂಕ, ವೇಳೆ, ದಿಕ್ಕು, ಮಾಡಿದ ತಿದ್ದುಪಡಿ – ಈ ಐದನ್ನೂ ಬರೆಸಿ. ಮೂಲ ಚಿತ್ರವನ್ನು ಅಳಿಸದೆ ಇಡಲು ಹೇಳಿ. ಮುಂದಿನ ಮಳೆಗಾಲದಲ್ಲಿ ಅವೆಲ್ಲ ಸೇರಿ ನಿಮ್ಮೂರಿನ ಮೋಡಗಳ ದಾಖಲೆಯಾದಾವು.