ಬಾವಿಯಿಂದ ಎದ್ದು ಬಂದ ಕಬ್ಬಿಣ

ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಳೆಯ ಫಿರಂಗಿ ಕಂಡರೆ ನಾವು ಮಾಡುವುದು ಎರಡೇ ಕೆಲಸ. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯುತ್ತೇವೆ. ಇಲ್ಲವೇ ಅದು ಯಾವ ರಾಜನದೆಂದು ವಿಚಾರಿಸುತ್ತೇವೆ. ಅದನ್ನು ಎರಕ ಹೊಯ್ದವರು ಯಾರು, ಲೋಹ ಎಲ್ಲಿಯದು ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟುವುದಿಲ್ಲ. ಫಲಕಗಳು ಅದನ್ನು ಹುಟ್ಟಿಸುವುದೂ ಅಪರೂಪ.

2018ರ ಜುಲೈಯಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಒಂದು ಗೇಣಿಗಿಂತ ತುಸು ಉದ್ದದ, ಮದ್ದು ತುಂಬಿದ ಕೊಳವೆಗಳು. ಅವು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ಸೇರಿದವು. ಆಗ ನಾಡಿನಲ್ಲಿ ಟಿಪ್ಪು ಜಯಂತಿಯ ಜಗಳ. 2015ರಲ್ಲಿ ಆರಂಭವಾದ ಸರ್ಕಾರಿ ಆಚರಣೆ 2019ರಲ್ಲಿ ರದ್ದಾಯಿತು. ಒಬ್ಬರಿಗೆ ಆ ಕೊಳವೆಗಳು ಹೆಮ್ಮೆ, ಇನ್ನೊಬ್ಬರಿಗೆ ಕಸಿವಿಸಿ. ಇಬ್ಬರೂ ನೋಡಿದ್ದು ಸುಲ್ತಾನನನ್ನೇ ಹೊರತು ಕಬ್ಬಿಣವನ್ನಲ್ಲ.

ಕಬ್ಬಿಣವೇ ಇಲ್ಲಿ ಮುಖ್ಯ. ಬಿದಿರು ಅಥವಾ ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. ಹಾಗಾಗಿ ಬಾಣ ಹೆಚ್ಚು ದೂರ ಹಾರುತ್ತಿತ್ತು. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ್ದು ಮೈಸೂರಿನ ಈ ಬಾಣಗಳನ್ನು ನೋಡಿಯೇ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳ ಬೆಂಕಿಗೂ ಉರಿಯಿತು. ಇದನ್ನು ಹೇಳದೆ ಬರೀ ಹೆಮ್ಮೆಪಡುವುದೂ ಅರ್ಧಸತ್ಯವೇ.

ಟಿಪ್ಪುವಿನ ಬಾಣದ ಕಾರ್ಖಾನೆಗಳಾದ ತಾರಾಮಂಡಲಪೇಟೆಗಳು ಶ್ರೀರಂಗಪಟ್ಟಣ, ಬೆಂಗಳೂರುಗಳಲ್ಲಿ ಮಾತ್ರವಲ್ಲ, ಚಿತ್ರದುರ್ಗ, ಬಿದನೂರುಗಳಲ್ಲೂ ಇದ್ದವು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯದು; ಚನ್ನಗಿರಿ, ಹೊನ್ನಾಳಿ, ಆಗ ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಶಿವಮೊಗ್ಗಕ್ಕೆ ಸೇರಿದ್ದವು. ಎರಡು ಕಾರ್ಖಾನೆಗಳ ನಡುವಿನ ಸೀಮೆ ಇದು. ಇಲ್ಲಿನ ಯಾವ ಕುಲುಮೆ ಅವುಗಳಿಗೆ ದುಡಿಯಿತು? ಸಂಗ್ರಹಾಲಯ ಕೇಳಬೇಕಾದ ಪ್ರಶ್ನೆ ಇದು.

ಕೇಳಿದರೆ ಉತ್ತರ ಸಿಗುವುದುಂಟು. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಮೇಲೆ ನಿಜಾಮಶಾಹಿ ಸುಲ್ತಾನನ ಜೊತೆಗೆ 1549ರಲ್ಲಿ ಅದನ್ನು ಎರಕ ಹೊಯ್ದ ಮುಹಮ್ಮದ್ ಬಿನ್ ಹುಸೇನ್ ರೂಮಿಯ ಹೆಸರೂ ಇದೆ. ಊರನ್ನು ಗೆದ್ದ ಔರಂಗಜೇಬ್ ತನ್ನ ಬರಹವನ್ನೂ ಅದರ ಮೇಲೆ ಕೆತ್ತಿಸಿದ. 1854ರಲ್ಲಿ ಅದೇ ತೋಪು 150 ರೂಪಾಯಿಗೆ ಹರಾಜಾಗಿ, ಮಾರಾಟ ರದ್ದಾದ್ದರಿಂದ ಉಳಿಯಿತು. ಹೆಸರಿದ್ದ ತೋಪಿಗೇ ಈ ಗತಿ. ಹೆಸರಿಲ್ಲದ ಕೊಳವೆಗಳ ಪಾಡೇನು?

ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನನ್ನೇ ನೋಡಿ. 1800ರ ಸೆಪ್ಟೆಂಬರ್ 10ರಂದು ವೆಲ್ಲೆಸ್ಲಿಯ ಸೇನೆಯೆದುರು ಹೋರಾಡುತ್ತ ಸತ್ತ ಅವನು ಬ್ರಿಟಿಷರ ಕಡತದಲ್ಲಿ ಬರೀ ದರೋಡೆಕೋರ. ಗೆದ್ದವರು ಬರೆದ ಚೀಟಿಯನ್ನು ನಾವು ಬಹುಕಾಲ ಹಾಗೇ ಓದಿದೆವು. ಈಗ ಫಲಕ ಬರೆಯುವ ಕೈ ನಮ್ಮದು. ಅದರಲ್ಲಿ ಸುಲ್ತಾನನ ಹೆಸರಿರಲಿ; ಬೆಂಕಿಯ ಮುಂದೆ ಕೂತ ಕಮ್ಮಾರನಿಗೂ, ಆ ಬೆಂಕಿಗೆ ಬಲಿಯಾದವರಿಗೂ ಒಂದೊಂದು ಸಾಲು ಇರಲಿ. ಇನ್ನೊಂದು ಜಯಂತಿಗಿಂತ ಅದು ದೊಡ್ಡ ಕೆಲಸ.