ಯಂತ್ರ ಏಕೆ ನಿಂತಿತು?

ದೇವಸುಗೂರಿನ ಪಕ್ಕದ ಶಕ್ತಿನಗರದಲ್ಲಿ, ಕೃಷ್ಣೆಯ ನೀರನ್ನು ನೆಚ್ಚಿಕೊಂಡ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ ಕೆಲಸ ಶುರುಮಾಡಿದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. 210 ಮೆಗಾವ್ಯಾಟಿನವು ಏಳು, 250ರದು ಒಂದು, ಒಟ್ಟು 1,720 ಮೆಗಾವ್ಯಾಟ್. ಆರ್‌ಟಿಪಿಎಸ್ ಎಂದು ಕರೆಯುವ ಈ ಸ್ಥಾವರದ ಬಗ್ಗೆ ಪತ್ರಿಕೆಯಲ್ಲಿ ಬರುವ ಸುದ್ದಿಯೆಲ್ಲ ಇದೇ ಲೆಕ್ಕದಲ್ಲಿ ಮುಗಿಯುತ್ತದೆ: ಇಂದು ಎಷ್ಟು ಘಟಕ ಓಡಿದವು, ಎಷ್ಟು ನಿಂತವು. ಇಂಥ ದೈತ್ಯ ಯಂತ್ರಗಳಿಗೆ ನಿಯಂತ್ರಣ ವ್ಯವಸ್ಥೆ ಕಟ್ಟುವ ಎಂಜಿನಿಯರನ ಕೆಲಸವನ್ನೂ ನಾವು ಅದೇ ಅಳತೆಗೋಲಿನಿಂದ ಅಳೆಯುತ್ತೇವೆ. ಯಂತ್ರ ಓಡಿತು, ಕರಾರಿನಂತೆ ಹೊರೆ ಹೊತ್ತಿತು, ಬಿಲ್ಲು ಪಾಸಾಯಿತು. ಈ ಅಳತೆ ತಪ್ಪು ಎಂಬುದು ನನ್ನ ವಾದ. ಈ ಕಸುಬಿನ ನಿಜವಾದ ಪರೀಕ್ಷೆ ಯಂತ್ರ ನಿಲ್ಲುವ ಗಳಿಗೆಯಲ್ಲಿದೆ. ಅದು ಸರಿಯಾದ ಕಾರಣಕ್ಕೆ ನಿಂತಿತೇ? ಏಕೆ ನಿಂತಿತು ಎಂಬುದು ಆ ಪಾಳಿಯಲ್ಲಿರುವವರಿಗೆ ಅರ್ಥವಾಯಿತೇ?

ಕಲ್ಲಿದ್ದಲು ಸಾಗಿಸುವ ವ್ಯವಸ್ಥೆಯನ್ನೇ ನೋಡಿ. ತುಂಬಿದ ವ್ಯಾಗನ್ ಒಂದರ ತೂಕ 80 ಟನ್ನಿನ ಆಸುಪಾಸು. ಅದನ್ನು ಹಿಡಿದು ಮಗುಚುವ ಟಿಪ್ಲರು, ಅಲ್ಲಿಂದ ಕ್ರಷರು, ಅಲ್ಲಿಂದ ಒಂದರ ಮೇಲೊಂದು ಸುರಿಯುವ ಕನ್ವೇಯರುಗಳು. ಅಂಗಡಿಯಲ್ಲಿ ಕೊಂಡು ತಂದು ಕೂರಿಸುವ ಪಂಪಿನಂತೆ ಇವು ಎಲ್ಲೆಡೆ ಒಂದೇ ಇರುವುದಿಲ್ಲ; ಜಾಗಕ್ಕೆ, ಕಲ್ಲಿದ್ದಲಿಗೆ, ಮೊದಲೇ ಇದ್ದ ಯಂತ್ರಕ್ಕೆ ತಕ್ಕಂತೆ ಮಾಡಿಸಿದವು. ಮುಂದಿನ ಬೆಲ್ಟ್ ನಿಂತರೆ ಹಿಂದಿನದು ಆ ಕೂಡಲೇ ನಿಲ್ಲಬೇಕು, ಇಲ್ಲದಿದ್ದರೆ ನಡುವಿನ ಚ್ಯೂಟ್ ಕಟ್ಟಿಕೊಳ್ಳುತ್ತದೆ. ಹೊರಡಿಸುವಾಗಲೂ ಕ್ರಮ ಕಲ್ಲಿದ್ದಲು ಸಾಗುವ ದಿಕ್ಕಿಗೆ ತಿರುಗುಮುರುಗು: ಮೊದಲು ಕೊನೆಯ ಬೆಲ್ಟ್, ಆಮೇಲೆ ಅದರ ಹಿಂದಿನದು. ಒಂದೆಡೆ ಯಾರೋ ಬೆಲ್ಟನ್ನು ತುರ್ತಾಗಿ ನಿಲ್ಲಿಸುವ ಹಗ್ಗವನ್ನು (ಪುಲ್ ಕಾರ್ಡ್) ಎಳೆದರೆ ಸಾಲಿಗೆ ಸಾಲೇ ನಿಂತು, ಪರದೆಯ ಮೇಲೆ ಹತ್ತಾರು ಕೆಂಪು ದೀಪ ಒಟ್ಟಿಗೆ ಹತ್ತುತ್ತವೆ. ಮೊದಲು ಹತ್ತಿದ್ದು ಯಾವುದು ಎಂಬುದನ್ನು ಹಿಡಿದಿಟ್ಟು ತೋರಿಸುವಂತೆ ಲಾಜಿಕ್ ಬರೆದಿದ್ದರೆ ದೋಷ ನಿಮಿಷಗಳಲ್ಲಿ ಸಿಗುತ್ತದೆ. ಬರೆಯದಿದ್ದರೆ ಪಾಳಿಯವರು ಕತ್ತಲಲ್ಲಿ ಟಾರ್ಚು ಹಿಡಿದು ಬೆಲ್ಟಿನುದ್ದಕ್ಕೂ ನಡೆಯಬೇಕು. ಎರಡೂ ವ್ಯವಸ್ಥೆ ಸ್ವೀಕಾರ ಪರೀಕ್ಷೆಯಲ್ಲಿ ಪಾಸಾಗುತ್ತವೆ ಎಂಬುದೇ ನನ್ನ ತಕರಾರು.

ಬಾಯ್ಲರಿನಲ್ಲಿ ಸರಿಯಾಗಿ ನಿಲ್ಲುವುದು ಜೀವದ ಪ್ರಶ್ನೆ. ಜ್ವಾಲೆ ಆರಿದರೆ ಇಂಧನವೆಲ್ಲ ತಕ್ಷಣ ನಿಲ್ಲಬೇಕು. ಮತ್ತೆ ಹೊತ್ತಿಸುವ ಮುನ್ನ ಸಾಮಾನ್ಯವಾಗಿ ಐದು ನಿಮಿಷ ಗಾಳಿ ಹಾಯಿಸಿ, ಸುಡದೆ ಉಳಿದ ಕಲ್ಲಿದ್ದಲ ಪುಡಿಯನ್ನು ಹೊರದೂಡಬೇಕು. ಕುಲುಮೆಯ ಒತ್ತಡ ನೋಡಲು ಮೂರು ಸೆನ್ಸರು ಇಟ್ಟು, ಎರಡು ಹೌದೆಂದರೆ ಮಾತ್ರ ಟ್ರಿಪ್ ಮಾಡುವ ರೂಢಿಯನ್ನು ನಾನು ಈ ಕಸುಬಿನ ಅತ್ಯಂತ ಸುಂದರ ಯೋಚನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಕೆಟ್ಟ ಸೆನ್ಸರೊಂದು ಘಟಕವನ್ನು ಸುಮ್ಮನೆ ನಿಲ್ಲಿಸಲಾರದು. ನಿಜವಾದ ಅಪಾಯ ಬಂದಾಗ ಒಂದು ಸೆನ್ಸರು ಸತ್ತಿದ್ದರೂ ನಿಲ್ಲುವುದು ತಪ್ಪದು. ಆದರೆ ಇಂಥ ಎಷ್ಟೇ ಒಳ್ಳೆಯ ಇಂಟರ್‌ಲಾಕನ್ನೂ, ಅದನ್ನು ಬೈಪಾಸ್ ಮಾಡುವ ಒಂದು ಜಂಪರ್ ತಂತಿ ಸೋಲಿಸಬಲ್ಲದು. ಇನ್ನು ಕೆಲವು ಅಪಾಯಗಳಲ್ಲಿ ನಿಲ್ಲಿಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಉಳಿಯುತ್ತದೆ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರದಲ್ಲಿ 500 ಮೆಗಾವ್ಯಾಟಿನ ಹೊಸ ಘಟಕದ ಬಾಯ್ಲರ್ ದುರಂತದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕುಲುಮೆಯ ತಳದಲ್ಲಿ ಬೂದಿ ಗಟ್ಟಿಗೊಂಡಿತ್ತು. ಘಟಕ ಓಡುತ್ತಿದ್ದಂತೆಯೇ ಅದನ್ನು ತೆಗೆಯುವ ಕೆಲಸ ನಡೆದಿತ್ತು.

ಯಂತ್ರದ ಜೊತೆ ಉಳಿಯುವವರಿಗೆ ಅದರ ತರ್ಕ ಓದಲು ಬರಬೇಕು ಎಂಬುದು ಹೊಸ ಬೇಡಿಕೆಯೇನಲ್ಲ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ರಿಲೇಗಳ ಬದಲಿಗೆ ಬೇರೊಂದು ಸಾಧನ ಬೇಕೆಂದು ಕೇಳಿದಾಗ ಹುಟ್ಟಿದ್ದು ಪಿಎಲ್‌ಸಿ, ಅಂದರೆ ಯಂತ್ರದ ತರ್ಕವನ್ನು ಪ್ರೋಗ್ರಾಮಾಗಿ ಬರೆದಿಡುವ ನಿಯಂತ್ರಕ. ಅದರ ಲ್ಯಾಡರ್ ಭಾಷೆಯನ್ನು ರಿಲೇ ನಕ್ಷೆಯಂತೆಯೇ ರೂಪಿಸಿದ್ದು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಓದಲಿ ಎಂದೇ. ಆ ಉದಾರತೆಯನ್ನು ಇಂದಿನ ರೂಢಿ ಬಿಟ್ಟುಕೊಟ್ಟಿದೆ. ಪ್ರೋಗ್ರಾಮಿಗೆ ಪಾಸ್‌ವರ್ಡ್ ಹಾಕಿ, ಟಿಪ್ಪಣಿಗಳನ್ನು ಅಳಿಸಿ ಕೊಟ್ಟು ಹೋಗುವುದು ಅಪರೂಪವೇನಲ್ಲ. ರಾಯಚೂರು, ಮಾನ್ವಿ ಭಾಗದ ಅಕ್ಕಿ ಗಿರಣಿಗೂ ಹತ್ತಿ ಜಿನ್ನಿಂಗಿಗೂ ಇದು ಅನ್ವಯಿಸುತ್ತದೆ. ಬೀಗ ಹಾಕಿದ ಪ್ಯಾನೆಲ್ ಸುಗ್ಗಿಯಲ್ಲಿ ಕೆಟ್ಟರೆ, ಬೆಂಗಳೂರಿನಿಂದ ಯಾರಾದರೂ ಬರುವ ತನಕ ಕಾಯಬೇಕು; ಆ ಕಾಯುವಿಕೆಯ ಬೆಲೆಯನ್ನು ಸರದಿಯಲ್ಲಿ ನಿಂತ ರೈತನೂ ತೆರುತ್ತಾನೆ.

ಲಾಜಿಕ್ ತೆರೆದಿಟ್ಟರೆ ಕಂಡವರೆಲ್ಲ ಕೈ ಹಾಕುತ್ತಾರೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಓದುವ ಹಕ್ಕು ಬೇರೆ, ಬದಲಿಸುವ ಹಕ್ಕು ಬೇರೆ. ಎರಡಕ್ಕೂ ಬೇರೆ ಬೇರೆ ಬೀಗ ಹಾಕಲು ತಂತ್ರಾಂಶ ಬಿಡುತ್ತದೆ. ಹೇಗೆ ಯೋಚಿಸುತ್ತದೆಂದು ತಿಳಿಯದ ಯಂತ್ರಕ್ಕೇ ಜನ ಜಂಪರ್ ಹಾಕುವುದು ಹೆಚ್ಚು, ಏಕೆಂದರೆ ಅವರಿಗೆ ಉಳಿದಿರುವ ಉಪಾಯ ಅದೊಂದೇ. ವ್ಯಾಪಾರದ ಗುಟ್ಟು ಎಂಬ ವಾದ ಇಷ್ಟು ಬಲದ್ದಲ್ಲ: ಕನ್ವೇಯರ್ ನಿಲ್ಲುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಇನ್ನು, ಗುತ್ತಿಗೆ ಕಾರ್ಮಿಕರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ಬೆಲ್ಟಿನ ಸದ್ದು ಬದಲಾದದ್ದನ್ನು ಸೆನ್ಸರಿಗಿಂತ ಮೊದಲೇ ಹಿಡಿಯುವವರು ಅವರು. ಅರ್ಥವಾಗದಿರುವುದು ಪರದೆಯ ಮೇಲಿನ ಇಂಗ್ಲಿಷ್ ಸಂಕ್ಷೇಪಾಕ್ಷರ. ಇಂದಿನ ಪರದೆಗಳು ಕನ್ನಡವನ್ನು ತೋರಿಸಬಲ್ಲವು. ಯಾವ ಸ್ವಿಚ್, ಯಾವ ಜಾಗ, ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆಯಲು ಒಬ್ಬ ಎಂಜಿನಿಯರನ ಕೆಲವು ದಿನ ಸಾಕು. ಮೊದಲ ಕಾರಣವನ್ನು ಎತ್ತಿ ತೋರಿಸಲೆಂದು ಪರದೆಯ ಮೇಲಿನ ಉಳಿದ ಎಚ್ಚರಿಕೆ ಕಡಿಮೆ ಮಾಡಿದರೆ ಅಪಾಯ ಹೆಚ್ಚೀತು ಎನ್ನುವವರು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದ ತನಿಖಾ ವರದಿ ನೋಡಬೇಕು. 1994ರಲ್ಲಿ ಅಲ್ಲಿ ಸ್ಫೋಟವಾಗುವ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದಿದ್ದವು.

ನಿಲ್ಲುವ ಪ್ರಶ್ನೆ ಇನ್ನು ಮುಂದೆ ದಿನನಿತ್ಯದ್ದಾಗಲಿದೆ. ಪಾವಗಡದ 2,050 ಮೆಗಾವ್ಯಾಟಿನಂಥ ಸೌರ ಪಾರ್ಕುಗಳು ಹಗಲಿನ ಹೊರೆ ಹೊರುತ್ತಿರುವುದರಿಂದ ಕಲ್ಲಿದ್ದಲು ಘಟಕಗಳು ಮಧ್ಯಾಹ್ನ ತಗ್ಗಿ ಸಂಜೆ ಏರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಾವಳಿ ಹಂತ ಹಂತವಾಗಿ ಅವು ಶೇಕಡಾ 40ರಷ್ಟು ಹೊರೆಗೆ ಇಳಿಯಬೇಕೆನ್ನುತ್ತದೆ. ಸ್ಥಿರವಾಗಿ ಓಡಲೆಂದು ಕಟ್ಟಿದ ಹಳೆಯ 210 ಮೆಗಾವ್ಯಾಟಿನ ಘಟಕ ಅಷ್ಟು ಕೆಳಗಿಳಿದಾಗ ಜ್ವಾಲೆ ಅಸ್ಥಿರವಾಗುತ್ತದೆ, ಟ್ರಿಪ್ಪಿನ ಅಂಚು ಹತ್ತಿರವಾಗುತ್ತದೆ, ಬೈಪಾಸಿನ ಆಸೆಯೂ ಬಲಿಯುತ್ತದೆ. ಘಟಕಗಳನ್ನು ಹೀಗೆ ತಗ್ಗಿ ಏರಲು ಸಜ್ಜುಗೊಳಿಸಲೆಂದು ಕರೆಯುವ ಪ್ರತಿ ಟೆಂಡರಿನಲ್ಲೂ ಟಿಪ್ಪಣಿ ಸಹಿತ ತೆರೆದ ಲಾಜಿಕ್, ಮೊದಲ ಕಾರಣ ತೋರಿಸುವ ಕನ್ನಡ ಪರದೆ ಮತ್ತು ಪ್ರತಿ ಬೈಪಾಸಿಗೂ ಹೆಸರು, ಹೊತ್ತು, ಅವಧಿ ದಾಖಲಾಗುವ ಏರ್ಪಾಡನ್ನು ಕರಾರಾಗಿಯೇ ಸೇರಿಸಬೇಕು. ಅವುಗಳನ್ನು ಪಾಳಿಯವರೇ ಪರೀಕ್ಷಿಸಿ ಒಪ್ಪುವವರೆಗೆ ಕೊನೆಯ ಕಂತು ತಡೆಹಿಡಿಯಬೇಕು.