ದೂರ್ವಾಸಪುರದ ಆಯುರಾರೋಗ್ಯ

ಭದ್ರಾವತಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಈ ವರ್ಷ ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಓದಿಸುತ್ತಿದ್ದೆ. ಪ್ರಾಣೇಶಾಚಾರ್ಯರ ಧರ್ಮಸಂಕಟವನ್ನು ಶಕ್ತ್ಯನುಸಾರ ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಪಿಳ್ಳ ಸತ್ತಾಗ ಅವನಿಗೆ ವಯಸ್ಸೆಷ್ಟು?" ಎಂದಳು. ನನಗೆ ತೋಚಲಿಲ್ಲ. ನೋಡಿ ಹೇಳುತ್ತೇನೆಂದೆ. ಸಂಜೆ ಶಿವಮೊಗ್ಗೆಗೆ ಹಿಂದಿರುಗುವ ಬಸ್ಸಿನಲ್ಲೇ ಪುಸ್ತಕ ಬಿಚ್ಚಿ ಕುಳಿತೆ.

1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಕುರಿತು ಬಂದಿರುವ ವಿಮರ್ಶೆ ಅಲ್ಪಸ್ವಲ್ಪವಲ್ಲ. ಆದರೆ ಅದರ ಬಹುಭಾಗ ಒಂದೇ ಹೆಣದ ಸುತ್ತ ಕುಳಿತಿದೆ. ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಬಂದು ಸತ್ತ ನಾರಣಪ್ಪನಿಗೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ಹಸಿದು ಕುಳಿತು ಚರ್ಚಿಸುತ್ತಿರುವಾಗಲೇ ದಲಿತರ ಕೇರಿಯಲ್ಲಿ ಪಿಳ್ಳನೂ ಅವನ ಹೆಂಡತಿಯೂ ಸಾಯುತ್ತಾರೆ. ಗುಡಿಸಲಿಗೇ ಬೆಂಕಿ ಹಚ್ಚಿ ಮುಗಿಸುತ್ತಾರೆ. ಅವರಿಗಾಗಿ ಯಾರೂ ಗ್ರಂಥ ಬಿಚ್ಚುವುದಿಲ್ಲ. ಈ ವ್ಯಂಗ್ಯ ಲೇಖಕರದೇ ಎಂಬುದನ್ನು ಒಪ್ಪಿದೆ. ಆದರೂ ಕಥೆ ಆ ಕೇರಿಗೆ ಹೋಗಿ ಬರುವುದು ನೆಂಟರಂತೆ. ಬೆಳ್ಳಿಯ ಮೈಮಾಟಕ್ಕೆ ಸಂದಷ್ಟು ಮಾತು ಪಿಳ್ಳನ ಆಯುಸ್ಸಿಗೆ ಸಂದಿಲ್ಲ. ಅವನ ವಯಸ್ಸು ನನಗೆ ಎಲ್ಲಿಯೂ ಸಿಗಲಿಲ್ಲ.

ಹುಡುಗಿಯ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ದೇಶದ ಒಂಬತ್ತು ರಾಜ್ಯಗಳ ಅಂಕಿಅಂಶ ಹಿಡಿದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮೇಲ್ಜಾತಿಯ ಹಿಂದೂಗಳಿಗಿಂತ ದಲಿತರ ನಿರೀಕ್ಷಿತ ಆಯುಸ್ಸು 3 ವರ್ಷಕ್ಕೂ ಮಿಕ್ಕಿ ಕಡಮೆ. ಆದಿವಾಸಿಗಳದು 4 ವರ್ಷಕ್ಕೂ ಮಿಕ್ಕಿ ಕಡಮೆ. ಬಡತನವೊಂದನ್ನೇ ಕಾರಣವೆನ್ನಲಾಗದು ಎಂದೂ ಅದು ಹೇಳುತ್ತದೆ. ಕರ್ನಾಟಕ ಆ ಒಂಬತ್ತರಲ್ಲಿ ಇಲ್ಲವೆಂದು ನಾವು ಸಮಾಧಾನಪಡಬೇಕಾಗಿಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲಿಯೂ, ಅಗ್ರಹಾರದ ಇಲಿಗಳಂತೆ, ಮೊದಲು ಸಾಯುವುದು ಮಂಗಗಳು. ಅನಂತರ ಉಣುಗು ಕಚ್ಚುವುದು ಸೌದೆಗೆ, ದರಗಿಗೆ, ದನ ಕಾಯಲಿಕ್ಕೆ ಕಾಡು ಹೊಕ್ಕವರನ್ನು.

ಇನ್ನು ಕಾದಂಬರಿಯ ಹೆಂಗಸರು. ಇಲ್ಲಿ ಲೆಕ್ಕ ಬೇರೆಯೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ಕ್ಕೆ ಕೊಟ್ಟ ಅಂದಾಜಿನಲ್ಲಿ ಭಾರತದ ಗಂಡಸಿನ ಆಯುಸ್ಸು 69.5 ವರ್ಷ, ಹೆಂಗಸಿನದು 72.2. ಆರೋಗ್ಯದಿಂದ ಬಾಳುವ ವರ್ಷಗಳನ್ನಷ್ಟೇ ಎಣಿಸಿದರೆ ಗಂಡಸಿಗೆ 60.3, ಹೆಂಗಸಿಗೆ 60.4. ಹೆಂಗಸು ಹೆಚ್ಚು ಬದುಕುವ ಎರಡೂವರೆ ವರ್ಷಕ್ಕೂ ಮೇಲ್ಪಟ್ಟ ಕಾಲ ಬಹುಮಟ್ಟಿಗೆ ನರಳಿಕೆಯ ಕಾಲ. 'ಆಯುರಾರೋಗ್ಯ'ವೆಂಬ ಮಾತಿನಲ್ಲಿ ನಾವು ಸಂಧಿ ಮಾಡಿ ಕೂಡಿಸಿದ ಎರಡೂ ಇಲ್ಲಿ ಬಿಡಿಬಿಡಿಯಾಗಿಬಿಡುತ್ತವೆ. ನನ್ನ ದೊಡ್ಡಮ್ಮ ಎಂಬತ್ತಮೂರರವರೆಗೆ ಇದ್ದರು. ಕೊನೆಯ ಹನ್ನೊಂದು ವರ್ಷ ಹಾಸಿಗೆಯಲ್ಲಿ. ನೋಡಲು ಬಂದವರೆಲ್ಲ "ಆಯುಸ್ಸು ಗಟ್ಟಿ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು.

ದೂರ್ವಾಸಪುರದಲ್ಲಿಯೂ ಎಲ್ಲರಿಗಿಂತ ಹಿರಿಯಳು ಒಬ್ಬ ವಿಧವೆ, ಲಕ್ಷ್ಮೀದೇವಮ್ಮ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು, ಒಡವೆ ಕಳೆದುಕೊಂಡು, ತೇಗುತ್ತ ಶಪಿಸುತ್ತ ಓಡಾಡುವ ಈಕೆ ಊರಿಗೆ ಅರೆಹುಚ್ಚಿ, ಓದುಗನಿಗೆ ತಮಾಷೆ. ನಾನೂ ಇಷ್ಟು ವರ್ಷ ತರಗತಿಯಲ್ಲಿ ಆ ಭಾಗ ಓದಿ ನಗಿಸಿದ್ದೇನೆ. ಈ ಸಲ ನಗು ಬರಲಿಲ್ಲ.

ಭಾಗೀರಥಿಯ ವಿಷಯದಲ್ಲಿ ಮಾತ್ರ ಲೇಖಕರೊಡನೆ ನನ್ನದು ಜಗಳವೇ. ಕಾದಂಬರಿ ತೆರೆಯುವುದು ಆಚಾರ್ಯರು ಆಕೆಯ ಬತ್ತಿದ ಮೈಗೆ ಸ್ನಾನ ಮಾಡಿಸುವುದರಿಂದ. ಆ ಸೇವೆ ಅವರಿಗೆ ತಪಸ್ಸು, ಮೋಕ್ಷದ ದಾರಿ. ಆಕೆಗೆ ಏನು? ಇನ್ನೊಂದು ಮದುವೆಯಾಗಿರೆಂದು ಗಂಡನಿಗೆ ಹೇಳುತ್ತಾಳೆ, ಅಷ್ಟೆ. ಬೇನೆಯ ಹೆಸರಿಲ್ಲ, ಮದ್ದಿನ ಸುದ್ದಿ ಇಲ್ಲ. ಕಡೆಗೆ ಪ್ಲೇಗಿನಲ್ಲಿ ಸತ್ತು, ಆಚಾರ್ಯರು ಹೊರಡುವುದಕ್ಕೆ ದಾರಿ ಬಿಟ್ಟುಕೊಡುತ್ತಾಳೆ. ಚಂದ್ರಿಗೆ ಸಿಕ್ಕ ಬಿಸುಪಿನಲ್ಲಿ ಒಂದು ಪಾಲಾದರೂ ಈ ಹಾಸಿಗೆಗೆ ಸಿಕ್ಕಿದ್ದರೆ, ಆಚಾರ್ಯರ ಅಲೆದಾಟಕ್ಕೆ ಇನ್ನಷ್ಟು ತೂಕ ಬರುತ್ತಿತ್ತೆಂದು ನನ್ನ ಭಾವನೆ.

ಮರುವಾರ ತರಗತಿಯಲ್ಲಿ, ಪಿಳ್ಳನ ವಯಸ್ಸು ಸಿಗಲಿಲ್ಲಮ್ಮ ಎಂದೆ. ಅವಳು ತಲೆಯಾಡಿಸಿದಳು. ಪ್ರಬಂಧಕ್ಕೆ ಲಕ್ಷ್ಮೀದೇವಮ್ಮನನ್ನು ಆರಿಸಿಕೊಂಡಿದ್ದಾಳೆ.